ಮುರಿಯುವ ಮುಂಚಿನ ಮೂಳೆ

ಅಜ್ಜಿಯ ಬೆನ್ನು ಬಾಗಿದರೆ ‘ವಯಸ್ಸಾಯಿತಲ್ಲ’ ಎಂದು ಸುಮ್ಮನಾಗುವುದು ನಮ್ಮ ಮನೆಗಳಲ್ಲಿ ಇನ್ನೂ ಹೋಗಿಲ್ಲ. ಮುಟ್ಟು ನಿಂತ ಮೇಲೆ ಈಸ್ಟ್ರೊಜೆನ್ ಇಳಿದು ಮೂಳೆ ಟೊಳ್ಳಾಗುತ್ತದೆ, ಅದೊಂದು ಕಾಯಿಲೆ ಎಂದು ಅಮೆರಿಕದ ಫುಲ್ಲರ್ ಆಲ್‌ಬ್ರೈಟ್ ಹೇಳಿದ್ದು 1940ರ ಸುಮಾರಿಗೆ. ಪತ್ತೆಗೆ ಆಗ ಇದ್ದದ್ದು ಎಕ್ಸ್‌ರೇ ಮಾತ್ರ. ಅದರಲ್ಲಿ ಕಾಣಿಸುವ ಹೊತ್ತಿಗೆ ಮೂಳೆಯ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಕರಗಿರುತ್ತಿತ್ತು. ಆ ಎಕ್ಸ್‌ರೇಯನ್ನೇ ಸೂಕ್ಷ್ಮವಾಗಿ ಓದುವ ದಾರಿ ತೋರಿಸಿದವರು ಭಾರತೀಯರು. 1970ರಲ್ಲಿ ವೈದ್ಯ ಮನಮೋಹನ ಸಿಂಗ್ ಮತ್ತು ಸಂಗಡಿಗರು ತೊಡೆಮೂಳೆಯ ಮೇಲ್ತುದಿಯೊಳಗಿನ ಗೆರೆಗಳು ಅಳಿಯುತ್ತಾ ಹೋಗುವ ಕ್ರಮ ಹಿಡಿದು ಆರು ದರ್ಜೆ ಮಾಡಿದರು.

1980ರ ದಶಕದ ಕೊನೆಗೆ ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಯಂತ್ರ ಬಂತು. 1994ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಆ ಸಾಂದ್ರತೆಯನ್ನು ತರುಣಿಯರದರೊಂದಿಗೆ ಹೋಲಿಸುವ ಅಂಕವಾದ ಟಿ-ಸ್ಕೋರ್ ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್, ಅಂದರೆ ಟೊಳ್ಳುಮೂಳೆಯ ಕಾಯಿಲೆ ಎಂದಿತು. ಹೋಲಿಕೆಗೆ ಇಟ್ಟುಕೊಂಡದ್ದು ಬಿಳಿಯ ತರುಣಿಯರ ಮೂಳೆ. ಡೆಕ್ಸಾ ಮೂಳೆಯ ದಪ್ಪವನ್ನು ಅಳೆಯುವುದಿಲ್ಲ, ಖನಿಜವನ್ನು ನೆರಳಿನ ವಿಸ್ತಾರದ ಲೆಕ್ಕದಲ್ಲಷ್ಟೇ ನೋಡುತ್ತದೆ. ಹಾಗಾಗಿ ಸಣ್ಣ ಮೈಕಟ್ಟಿನವರ ಗಟ್ಟಿ ಮೂಳೆಯೂ ಅದಕ್ಕೆ ದುರ್ಬಲವಾಗಿ ಕಾಣಬಹುದು.

ಭಾರತೀಯರ ಮೂಳೆಯನ್ನೇ ಅಳೆದು ನೋಡಿದ ಪುಣೆಯ ಸಂಶೋಧಕರ ಕೆಲಸದ ಬೆಲೆ ತಿಳಿಯುವುದು ಇಲ್ಲಿ. ಜಹಾಂಗೀರ್ ಆಸ್ಪತ್ರೆಯ ಹೀರಾಬಾಯಿ ಕಾವಸ್‌ಜಿ ಜಹಾಂಗೀರ್ ವೈದ್ಯಕೀಯ ಸಂಶೋಧನಾ ಸಂಸ್ಥೆಯಲ್ಲಿ ಅನುರಾಧಾ ಖಾಡಿಲ್ಕರ್ ಮತ್ತು ಜೊತೆಗಾರರು 2010ರಲ್ಲಿ 40 ದಾಟಿದ ನಗರದ ಮಹಿಳೆಯರ ಮೂಳೆಯ ಬಗ್ಗೆ ಬರೆದರು. 2011ರಲ್ಲಿ 5ರಿಂದ 17 ವರ್ಷದ ಭಾರತೀಯ ಮಕ್ಕಳಿಗೆ ಡೆಕ್ಸಾ ಮಾನದಂಡವನ್ನೇ ಕೊಟ್ಟರು. ಮುಪ್ಪಿನ ಕಾಯಿಲೆಗೆ ಮಕ್ಕಳನ್ನೇಕೆ ಅಳೆಯಬೇಕು? ಮೂಳೆ ತುಂಬಿಕೊಳ್ಳುವುದು ಮೂವತ್ತರೊಳಗೆ, ಆಮೇಲೆ ಖರ್ಚೇ ಹೆಚ್ಚು. ಪುಣೆ ಸುತ್ತಲಿನ ಆರು ಹಳ್ಳಿಗಳಲ್ಲಿ 1993ರಲ್ಲಿ ಕೆಇಎಂ ಆಸ್ಪತ್ರೆಯ ಸಿ.ಎಸ್. ಯಾಜ್ಞಿಕ್ ತಂಡ ಆರಂಭಿಸಿದ ತಾಯಂದಿರ ಪೋಷಣೆಯ ಅಧ್ಯಯನ ಇನ್ನೂ ಹಿಂದಕ್ಕೆ ಹೋಯಿತು. ಬಸಿರಿನಲ್ಲಿ ಹಾಲು, ಬೇಳೆ, ಸೊಪ್ಪಿನಂಥ ಕ್ಯಾಲ್ಸಿಯಂ ಇರುವ ಆಹಾರವನ್ನು ಹೆಚ್ಚು ಸಲ ತಿಂದವರ ಮಕ್ಕಳಿಗೆ ಆರನೇ ವಯಸ್ಸಿನಲ್ಲಿ ಮೂಳೆಯ ಖನಿಜ ಹೆಚ್ಚಿತ್ತು ಎಂಬುದು 2006ರಲ್ಲಿ ಪ್ರಕಟವಾಯಿತು. ನನ್ನ ಮಟ್ಟಿಗೆ ಈ ಕ್ಷೇತ್ರಕ್ಕೆ ಪುಣೆ ಕೊಟ್ಟ ದೊಡ್ಡ ಕಾಣಿಕೆ ಇದೇ.

ಊಟದ ಮಾತು ಬಂದದ್ದರಿಂದ ಹೇಳುತ್ತೇನೆ: 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಪುಣೆ ಕಡೆಯ ಭಾಕ್ರಿ ರೊಟ್ಟಿಯ ಜೋಳದಲ್ಲಿ 30 ಕೂಡ ಇಲ್ಲ. ಜೋಳದ ರೊಟ್ಟಿ ಉಣ್ಣುವ ನಮ್ಮ ಉತ್ತರ ಕರ್ನಾಟಕದವರೂ ಹಾಲು-ಮೊಸರು ಬಿಡಬಾರದು. ತಿಂದ ಕ್ಯಾಲ್ಸಿಯಂ ಮೈಗೆ ಹತ್ತಲು ಬೇಕಾದ ವಿಟಮಿನ್ ಡಿ ಕೊರತೆ ಬಿಸಿಲ ನಾಡಿನಲ್ಲೂ ವ್ಯಾಪಕ ಎಂಬುದು 2000ದಿಂದೀಚೆಗೆ ದೆಹಲಿ, ತಿರುಪತಿಯ ಅಧ್ಯಯನಗಳಿಂದ ಗೊತ್ತಾಗಿದೆ.

ಔಷಧಗಳು ಬೇಗಬೇಗ ಬಂದವು. 1995ರಲ್ಲಿ ಅಲೆಂಡ್ರೊನೇಟ್ ಮಾತ್ರೆ. ಅದುವರೆಗೆ ಬಳಕೆಯಲ್ಲಿದ್ದ ಈಸ್ಟ್ರೊಜೆನ್ ಹಾರ್ಮೋನ್ ಚಿಕಿತ್ಸೆ 2002ರಲ್ಲಿ ಅದರ ಅಪಾಯ ಬಯಲಾಗಿ ಹಿಂದೆ ಸರಿಯಿತು. 2007ರಲ್ಲಿ ವರ್ಷಕ್ಕೊಮ್ಮೆ ಹಾಕುವ ಜೋಲೆಡ್ರೊನಿಕ್ ಆಸಿಡ್ ಡ್ರಿಪ್. ಡ್ರಿಪ್‌ಗೆ ಮೊದಲು ವಿಟಮಿನ್ ಡಿ ಕೊರತೆ ಸರಿಪಡಿಸದಿದ್ದರೆ ರಕ್ತದ ಕ್ಯಾಲ್ಸಿಯಂ ಕುಸಿಯಬಹುದು. 2010ರಲ್ಲಿ ಬಂದ ಡೆನೊಸುಮಾಬ್ ಆರು ತಿಂಗಳಿಗೊಂದು ಚುಚ್ಚುಮದ್ದು. ಅದನ್ನು ಬೇರೆ ಔಷಧಕ್ಕೆ ಬದಲಾಗದೆ ಹಾಗೇ ನಿಲ್ಲಿಸಿದರೆ ಬೆನ್ನೆಲುಬು ಹಲವೆಡೆ ಕುಸಿಯುವ ಅಪಾಯವಿದೆ.

ಇಷ್ಟೆಲ್ಲ ಇದ್ದೂ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡ ಅರವತ್ತೈದರ ಹೆಂಗಸು ಪ್ಲಾಸ್ಟರ್ ಹಾಕಿಸಿಕೊಂಡು ಮನೆಗೆ ಹೋಗುತ್ತಾಳೆ, ಮೂಳೆ ಯಾಕೆ ಮುರಿಯಿತೆಂದು ಯಾರೂ ಕೇಳುವುದಿಲ್ಲ. ನಿಂತಲ್ಲಿಂದಲೇ ಬಿದ್ದು ಸೊಂಟ ಮುರಿದರೆ ಆ ಮುರಿತವೇ ರೋಗನಿರ್ಣಯ, ಟಿ-ಸ್ಕೋರ್‌ಗೆ ಕಾಯಬೇಕಿಲ್ಲ. 2007ರ ದೊಡ್ಡ ಪ್ರಯೋಗವೊಂದರಲ್ಲಿ ಸೊಂಟದ ಶಸ್ತ್ರಚಿಕಿತ್ಸೆಯಾದ 90 ದಿನಗಳೊಳಗೆ ಜೋಲೆಡ್ರೊನಿಕ್ ಆಸಿಡ್ ಪಡೆದವರಲ್ಲಿ ಹೊಸ ಮುರಿತ ಶೇ. 35ರಷ್ಟು, ಸಾವು ಶೇ. 28ರಷ್ಟು ಕಡಿಮೆಯಾಯಿತು. ಆಸ್ಪತ್ರೆಯಿಂದ ಬಿಡುಗಡೆ ಮಾಡುವಾಗ ಕೊಡುವ ಚೀಟಿಯಲ್ಲಿ ನೋವಿನ ಮಾತ್ರೆಯ ಕೆಳಗೆ ಈ ಚಿಕಿತ್ಸೆಯ ಹೆಸರೂ ಇರಬೇಕು. ಇಲ್ಲದಿದ್ದರೆ ಮಗನೋ ಮಗಳೋ ಅಲ್ಲೇ ಕೇಳಬೇಕು.