ವೆಲ್ಲೂರಿನ ವೈದ್ಯಶಾಲೆ

ಬೆಂಗಳೂರಿನಿಂದ ಮದರಾಸಿನ ಕಡೆಗೆ ರೈಲಿನಲ್ಲಿ ಪ್ರಯಾಣಮಾಡಿದವರಿಗೆಲ್ಲ ಕಾಟ್ಪಾಡಿಯ ನಿಲ್ದಾಣವು ಪರಿಚಿತವಾದುದೇ. ಅಲ್ಲಿ ಇಳಿಯುವವರಲ್ಲಿ ರೋಗಿಗಳೂ ಅವರ ಬಂಧುಗಳೂ ಬಹುಮಂದಿ. ನಮ್ಮ ನಾಡಿನಿಂದಲೂ ಅನೇಕರು ಹೀಗೆ ವೆಲ್ಲೂರಿನ ಆಸ್ಪತ್ರೆಯನ್ನು ಅರಸಿಕೊಂಡು ಹೋಗಿದ್ದಾರೆ. ಈ ಮಹಾಸಂಸ್ಥೆಯು ಒಂದೇ ಒಂದು ಹಾಸಿಗೆಯಿಂದ ಮೊದಲಾಯಿತೆಂದರೆ ಶ್ರೋತೃಗಳಿಗೆ ಆಶ್ಚರ್ಯವಾಗಬಹುದು.

ಇದರ ಮೂಲವನ್ನು ಅರಿಯಲು ತಿಂಡಿವನಕ್ಕೆ ಹೋಗಬೇಕು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ, ಅಲ್ಲಿದ್ದ ಅಮೆರಿಕದ ವೈದ್ಯ ಜಾನ್ ಸ್ಕಡರನ ಮಗಳು ಐಡಾ, ಕಾಯಿಲೆ ಬಿದ್ದ ತಾಯಿಯ ಶುಶ್ರೂಷೆಗಾಗಿ ಬಂದಿದ್ದಳು. ವೈದ್ಯವೃತ್ತಿಯಲ್ಲಿ ಆಕೆಗೆ ಆಸೆಯಿರಲಿಲ್ಲ. ಒಂದು ರಾತ್ರಿ ಒಬ್ಬ ಬ್ರಾಹ್ಮಣನು ಬಂದು, ಹೆಂಡತಿಗೆ ಹೆರಿಗೆ ಕಷ್ಟವಾಗಿದೆ, ನೀವು ಬರಬೇಕೆಂದು ಬೇಡಿದನು. ತಂದೆಯವರು ವೈದ್ಯರು, ಅವರು ಬರುವರೆಂದು ಆಕೆ ಹೇಳಿದಳು. ಪರಪುರುಷನು ಒಳಗೆ ಬರಕೂಡದೆಂದು ಅವನು ಹಿಂದಿರುಗಿದನು. ಅದೇ ರಾತ್ರಿ ಒಬ್ಬ ಮುಸಲ್ಮಾನನೂ ಇನ್ನೊಬ್ಬ ಹಿಂದೂ ಗೃಹಸ್ಥನೂ ಇದೇ ಬೇಡಿಕೆಯಿಂದ ಬಂದು ಇದೇ ರೀತಿ ಮರಳಿದರು. ಬೆಳಗಾಗುವುದರೊಳಗೆ ಮೂವರು ಸ್ತ್ರೀಯರೂ ತೀರಿಕೊಂಡಿದ್ದರು. ಆ ಗಂಡಂದಿರನ್ನು ಕಟುಕರೆಂದು ಹಳಿಯುವುದು ಸುಲಭ. ಆದರೆ ನಡುರಾತ್ರಿಯಲ್ಲಿ ನೆರವನ್ನು ಬೇಡಿ ಓಡಿ ಬಂದವರು ಕಟುಕರಲ್ಲ. ಊರಿನಲ್ಲಿ ವೈದ್ಯನಿದ್ದನು, ಔಷಧವಿದ್ದಿತು, ಇಲ್ಲದಿದ್ದುದು ವೈದ್ಯೆ.

ಐಡಾ ಸ್ವದೇಶಕ್ಕೆ ಹೋಗಿ ೧೮೯೯ರಲ್ಲಿ ಕಾರ್ನೆಲ್ ವೈದ್ಯಕಾಲೇಜಿನಿಂದ ಪದವಿ ಪಡೆದು, ೧೯೦೦ರಲ್ಲಿ ವೆಲ್ಲೂರಿಗೆ ಬಂದಳು. ಕೆಲವೇ ತಿಂಗಳಲ್ಲಿ ತಂದೆಯು ತೀರಿಕೊಂಡನು. ಮನೆಯ ಕೋಣೆಯೊಂದರಲ್ಲಿ ಚಿಕಿತ್ಸೆ ನಡೆಯಿತು. ಒಂದೇ ಹಾಸಿಗೆಯೆಂದೆನಲ್ಲ, ಅದು ಇಲ್ಲಿಯೇ. ೧೯೦೨ರಲ್ಲಿ ಷೆಲ್ ಎಂಬ ಅಮೆರಿಕದ ಗೃಹಸ್ಥನು ಮಡದಿಯ ನೆನಪಿಗಾಗಿ ಕೊಟ್ಟ ಹತ್ತು ಸಾವಿರ ಡಾಲರಿನಿಂದ, ಹೆಂಗಸರಿಗೂ ಮಕ್ಕಳಿಗೂ ೪೦ ಹಾಸಿಗೆಗಳ ಆಸ್ಪತ್ರೆಯಾಯಿತು.

ಕಟ್ಟಡವಾದೊಡನೆ ಕಷ್ಟ ತೀರಲಿಲ್ಲ. ಒಬ್ಬಳು ವೈದ್ಯೆ ಎಷ್ಟು ಮನೆಗಳಿಗೆ ಹೋಗಬಲ್ಲಳು? ೧೯೦೯ರಲ್ಲಿ ದಾದಿಯರ ಶಾಲೆ ಆರಂಭವಾಯಿತು. ಗುಡಿಯಾತ್ತಮಿನ ದಾರಿಯಲ್ಲಿ ಮರಗಳ ಕೆಳಗೆ ಕಾದು ಕುಳಿತ ಹಳ್ಳಿಯವರಿಗೆ, ಗಾಡಿ ನಿಲ್ಲಿಸಿ ಅಲ್ಲಿಯೇ ಮದ್ದು ಕೊಡುವ ಪದ್ಧತಿಯೂ ಬೆಳೆಯಿತು. ನನ್ನ ಎಣಿಕೆಯಲ್ಲಿ ಆಸ್ಪತ್ರೆಯ ಉತ್ತಮ ಸೇವೆಗಳಲ್ಲಿ ಇದೊಂದು. ರೋಗಿ ಬರಲೆಂದು ಕಾಯದೆ ವೈದ್ಯವೇ ರೋಗಿಯ ಬಳಿಗೆ ಹೋಯಿತು.

ಸ್ತ್ರೀಯರಿಗೆ ವೈದ್ಯಶಾಲೆ ತೆರೆಯಲು ಅನುಮತಿ ಕೇಳಿದಾಗ ಮದರಾಸಿನ ಸರ್ಜನ್ ಜನರಲ್ಲರಿಗೆ ನಂಬಿಕೆಯಿರಲಿಲ್ಲ. ಆರು ಮಂದಿ ಅರ್ಜಿ ಹಾಕಿದರೂ ಸಾಕೆಂದರು. ಬಂದ ಅರ್ಜಿಗಳು ೧೫೧! ೧೯೧೮ರಲ್ಲಿ ಪಾಠ ಮೊದಲಾಯಿತು. ಆ ವರ್ಗದ ೧೪ ಮಂದಿ ೧೯೨೨ರಲ್ಲಿ ವೈದ್ಯೆಯರಾಗಿ ಹೊರಬಂದರು.

ಮುಂದೆ ಸರ್ಕಾರವು ಕೆಳದರ್ಜೆಯ ವೈದ್ಯಪರೀಕ್ಷೆಯನ್ನು ನಿಲ್ಲಿಸಿದಾಗ ಶಾಲೆಯೇ ಮುಚ್ಚುವ ಸಂಭವವುಂಟಾಯಿತು. ಹಣವನ್ನೂ ಅಧ್ಯಾಪಕರನ್ನೂ ಕೂಡಿಸಿ ೧೯೪೨ರಲ್ಲಿ ಎಂ.ಬಿ.ಬಿ.ಎಸ್. ಪದವಿಯ ವ್ಯಾಸಂಗವನ್ನು ಏರ್ಪಡಿಸಿದರು. ಪುರುಷರಿಗೂ ಪ್ರವೇಶವಿರಬೇಕೆಂದು ಒಪ್ಪಿದರು. ೧೯೪೭ರಲ್ಲಿ ಮೊದಲ ಪುರುಷ ವಿದ್ಯಾರ್ಥಿಗಳು ಸೇರಿದಾಗ ಐಡಾ ಬದುಕಿದ್ದಳು. ಆಕೆ ಕೊಡೈಕನಾಲಿನಲ್ಲಿ ಕೊನೆಯುಸಿರೆಳೆದುದು ೧೯೬೦ರಲ್ಲಿ.