ತಾಮ್ರದ ಪದರಗಳಿಗೆ ಹೆಸರಿಟ್ಟ ಕಥೆ

ನಮ್ಮ ಹೇರೋಹಳ್ಳಿಯಿಂದ ಅಂದ್ರಹಳ್ಳಿಯ ಮಾರ್ಗವಾಗಿ ಉತ್ತರಕ್ಕೆ ಹೊರಟರೆ ಸ್ವಲ್ಪ ಹೊತ್ತಿನಲ್ಲಿಯೇ ಪೀಣ್ಯ ಕೈಗಾರಿಕಾ ಪ್ರದೇಶವು ಎದುರಾಗುತ್ತದೆ. ನನ್ನ ತರಗತಿಯ ಬೆಂಚುಗಳಲ್ಲಿ ಕುಳಿತಿದ್ದ ಕೆಲವರು ಇಂದು ಅಲ್ಲಿನ ಸಣ್ಣ ಘಟಕಗಳಲ್ಲಿ ಸರ್ಕ್ಯೂಟ್ ಬೋರ್ಡುಗಳ ವಿನ್ಯಾಸದಲ್ಲಿ ತೊಡಗಿದ್ದಾರೆ. ಅವರಲ್ಲೊಬ್ಬರು ಕೆಲವು ದಿನಗಳ ಹಿಂದೆ ಹೀಗೆ ಕೇಳಿದರು: "ಗುರುಗಳೇ, ನಾನು ಕಲಿತ ತಂತ್ರಾಂಶದಲ್ಲಿ ಮೇಲಿನ ಪದರಕ್ಕೆ ಕೆಂಪು, ಕೆಳಗಿನದಕ್ಕೆ ನೀಲಿ. ಮೇಲಿನದರ ಸಂಖ್ಯೆ 1, ಕೆಳಗಿನದರ ಸಂಖ್ಯೆ 16. ಇರುವುದೇ ಎರಡು ಪದರ, ಹದಿನಾರು ಎಲ್ಲಿಂದ ಬಂತು?" ಪ್ರಶ್ನೆ ಚಿಕ್ಕದು. ಆದರೆ ಉತ್ತರವು ತಂತ್ರಜ್ಞಾನದಲ್ಲಿರುವುದಕ್ಕಿಂತ ಹೆಚ್ಚಾಗಿ ಚರಿತ್ರೆಯಲ್ಲಿದೆ.

ಮೊದಲು ಪದರವೆಂದರೇನು ಎಂಬುದನ್ನು ತಿಳಿಯೋಣ. ಸಾಮಾನ್ಯ ಸರ್ಕ್ಯೂಟ್ ಬೋರ್ಡು ಸುಮಾರು 1.6 ಮಿಲಿಮೀಟರ್ ದಪ್ಪದ, ಗಾಜಿನ ನಾರಿನಿಂದ ಮಾಡಿದ ಹಲಗೆ. ಅದರ ಎರಡೂ ಮೈಗಳ ಮೇಲೆ ಸಾಮಾನ್ಯವಾಗಿ 35 ಮೈಕ್ರಾನ್ ದಪ್ಪದ ತಾಮ್ರದ ಹಾಳೆ ಅಂಟಿರುತ್ತದೆ. ಬೇಡವಾದ ತಾಮ್ರವನ್ನು ರಾಸಾಯನಿಕದಿಂದ ಕರಗಿಸಿದಾಗ ಉಳಿಯುವ ಗೆರೆಗಳೇ ತಂತಿಗಳು. ಅದರ ಮೇಲೆ ಬೆಸುಗೆ ಹರಡದಂತೆ ತಡೆಯುವ ಹಸಿರು ಲೇಪ, ಆ ಲೇಪದ ಮೇಲೆ ಬಿಳಿಯ ಅಕ್ಷರಗಳು. ಈ ಅಕ್ಷರಗಳ ಪದರಕ್ಕೆ 'ಸಿಲ್ಕ್‌ಸ್ಕ್ರೀನ್' ಎಂದು ಹೆಸರು. ಲಗ್ನಪತ್ರಿಕೆಗಳನ್ನು ಮುದ್ರಿಸುತ್ತಿದ್ದ ರೇಷ್ಮೆ ಪರದೆಯ ವಿಧಾನವೇ ಇಲ್ಲಿಗೂ ಬಂದದ್ದು. ಬಣ್ಣದ ಚಿತ್ರವನ್ನು ಅಚ್ಚು ಹಾಕುವಾಗ ಒಂದೊಂದು ಬಣ್ಣಕ್ಕೆ ಒಂದೊಂದು ಅಚ್ಚುಫಲಕ ಬೇಕಾಗುವಂತೆ, ಇಲ್ಲಿ ಪ್ರತಿಯೊಂದು ಹಂತಕ್ಕೂ ಪ್ರತ್ಯೇಕ ಚಿತ್ರ ಬೇಕು. ಆ ಒಂದೊಂದು ಚಿತ್ರವೇ ಒಂದೊಂದು ಪದರ.

ಮುದ್ರಿತ ಸರ್ಕ್ಯೂಟಿನ ಕಲ್ಪನೆಯನ್ನು ಬಳಕೆಗೆ ತಂದವರಲ್ಲಿ ಪ್ರಮುಖರು ಪಾಲ್ ಐಸ್ಲರ್. ವಿಯೆನ್ನಾದಲ್ಲಿ 1907ರಲ್ಲಿ ಹುಟ್ಟಿದ ಈ ಯಹೂದಿ ಎಂಜಿನಿಯರ್ 1936ರಲ್ಲಿ ಇಂಗ್ಲೆಂಡನ್ನು ಸೇರಿದರು. ಅಲ್ಲಿಂದ ಮುಂದೆ ಹಲವು ದಶಕಗಳ ಕಾಲ ಈ ಪದರಗಳನ್ನು ರಚಿಸುತ್ತಿದ್ದುದು ಮನುಷ್ಯರ ಕೈ. ಬೆಳಕಿನ ಮೇಜಿನ ಮೇಲೆ ಪಾರದರ್ಶಕ ಹಾಳೆಯನ್ನು ಹರಡಿ, ತೆಳುವಾದ ಕಪ್ಪು ಟೇಪನ್ನು ಗೆರೆಗಳಾಗಿ ಅಂಟಿಸುತ್ತಿದ್ದರು. ಚಿತ್ರವನ್ನು ನಿಜವಾದ ಅಳತೆಯ ಎರಡರಷ್ಟೋ ನಾಲ್ಕರಷ್ಟೋ ದೊಡ್ಡದಾಗಿ ರಚಿಸಿ, ಬಳಿಕ ಕ್ಯಾಮೆರಾದಿಂದ ಕುಗ್ಗಿಸುತ್ತಿದ್ದರು. ಚಿತ್ರ ಕುಗ್ಗಿದಷ್ಟೂ ಕೈಯ ತಪ್ಪುಗಳೂ ಕುಗ್ಗುತ್ತಿದ್ದವು.

ಎರಡು ಹಾಳೆಗಳು ಒಂದರ ಮೇಲೊಂದು ಕೂದಲೆಳೆಯಷ್ಟೂ ಜರುಗದಂತೆ ಕೂರಬೇಕಾದುದೇ ಇಲ್ಲಿನ ದೊಡ್ಡ ಕಷ್ಟ. ಅದಕ್ಕೊಂದು ಸೊಗಸಾದ ಉಪಾಯವನ್ನು ಕಂಡುಕೊಂಡರು. ಒಂದೇ ಪಾರದರ್ಶಕ ಹಾಳೆಯ ಮೇಲೆ ಒಂದು ಮೈಯ ಗೆರೆಗಳಿಗೆ ಕೆಂಪು ಟೇಪು, ಇನ್ನೊಂದು ಮೈಯ ಗೆರೆಗಳಿಗೆ ನೀಲಿ ಟೇಪು. ಕೆಂಪು ಗಾಜಿನ ಮೂಲಕ ಚಿತ್ರ ತೆಗೆದರೆ ಕೆಂಪು ಗೆರೆಗಳು ಮಾಯವಾಗಿ ನೀಲಿ ಮಾತ್ರ ಉಳಿಯುವುದು. ನೀಲಿ ಗಾಜಿನ ಮೂಲಕ ತೆಗೆದರೆ ಕೆಂಪು ಮಾತ್ರ. ಕಂಪ್ಯೂಟರಿನ ಪರದೆಯ ಮೇಲೆ ಇಂದಿಗೂ ಹಲವು ತಂತ್ರಾಂಶಗಳಲ್ಲಿ ಕಾಣುವ ಕೆಂಪು ಮತ್ತು ನೀಲಿ ಆ ಹಳೆಯ ಮೇಜನ್ನು ನೆನಪಿಸುತ್ತವೆ. ಎಲ್ಲ ಪದರಗಳನ್ನೂ ಮೇಲಿನಿಂದ, ಗಾಜಿನ ಮೂಲಕ ನೋಡಿದಂತೆ ನೋಡುವ ಕ್ರಮವೂ ಆ ಮೇಜಿನದೇ. ಕೆಳಗಿನ ಪದರದ ಅಕ್ಷರಗಳು ಪರದೆಯ ಮೇಲೆ ತಿರುಗುಮುರುಗಾಗಿ ಕಾಣುವುದು ಇದೇ ಕಾರಣಕ್ಕೆ.

ಈ ಚರಿತ್ರೆಯಲ್ಲಿ ನಮ್ಮ ಬೆಂಗಳೂರಿಗೂ ಒಂದು ಸ್ಥಾನವಿದೆ. ದೂರವಾಣಿನಗರದ ಐಟಿಐ 1948ರಲ್ಲಿಯೂ ಜಾಲಹಳ್ಳಿಯ ಬಿಇಎಲ್ 1954ರಲ್ಲಿಯೂ ಆರಂಭವಾದವು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಸ್ವಿಟ್ಜರ್ಲೆಂಡಿನ ನೆರವಿನಿಂದ ಎಲೆಕ್ಟ್ರಾನಿಕ್ಸ್ ವಿನ್ಯಾಸ ಮತ್ತು ತಂತ್ರಜ್ಞಾನ ಕೇಂದ್ರವು ಸ್ಥಾಪನೆಯಾಯಿತು. 'ಸಿಇಡಿಟಿ' ಎಂದೇ ಅದು ಪ್ರಸಿದ್ಧ. ಅಲ್ಲಿನ ಅನುಭವದಿಂದ ವಾಲ್ಟರ್ ಬಾಸ್‌ಹಾರ್ಟ್ ಅವರು ಬರೆದ 'ಪ್ರಿಂಟೆಡ್ ಸರ್ಕ್ಯೂಟ್ ಬೋರ್ಡ್ಸ್: ಡಿಸೈನ್ ಅಂಡ್ ಟೆಕ್ನಾಲಜಿ' ಎಂಬ ಗ್ರಂಥವು 1983ರಲ್ಲಿ ಟಾಟಾ ಮೆಕ್‌ಗ್ರಾ ಹಿಲ್‌ನಿಂದ ಪ್ರಕಟವಾಗಿ, ದೇಶದ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಕೈಪಿಡಿಯಾಯಿತು.

ಕೈಯ ಸ್ಥಾನಕ್ಕೆ ಯಂತ್ರವನ್ನು ತಂದವರು ಜೋಸೆಫ್ ಗರ್ಬರ್. ಇವರೂ ವಿಯೆನ್ನಾದವರೇ, 1924ರಲ್ಲಿ ಹುಟ್ಟಿ, ನಾತ್ಸಿಗಳಿಂದ ಪಾರಾಗಿ 1940ರಲ್ಲಿ ಅಮೆರಿಕೆಗೆ ಬಂದವರು. ಇವರ ಸಂಸ್ಥೆಯ ಫೋಟೋಪ್ಲಾಟರ್ ಯಂತ್ರವು ಫಿಲ್ಮಿನ ಮೇಲೆ ಬೆಳಕಿನಿಂದಲೇ ಗೆರೆ ಎಳೆಯುತ್ತಿತ್ತು. ಆ ಯಂತ್ರಕ್ಕೆ ಕೊಡುವ ಆಜ್ಞೆಗಳ ಕಡತಕ್ಕೆ 'ಗರ್ಬರ್ ಕಡತ' ಎಂಬ ಹೆಸರು ಉಳಿಯಿತು. ಆದರೆ ಹಳೆಯ ಗರ್ಬರ್ ಕಡತದಲ್ಲಿ ಗೆರೆಗಳ ಸ್ಥಾನವಿತ್ತೇ ಹೊರತು ಅವುಗಳ ದಪ್ಪವಿರಲಿಲ್ಲ. ಅದಕ್ಕೆ ಬೇರೊಂದು ಪಟ್ಟಿಯನ್ನು ಕಳುಹಿಸಬೇಕಾಗಿತ್ತು. 1998ರ ವಿಸ್ತೃತ ರೂಪದಲ್ಲಿ ಆ ಕೊರತೆ ನೀಗಿತು. ಆದರೂ 'ನಾನು ಯಾವ ಪದರ' ಎಂಬುದನ್ನು ಹೇಳುವ ಪ್ರಮಾಣಬದ್ಧ ವಿಧಾನ ಕಡತಕ್ಕೆ ಒದಗಿದ್ದು 2014ರಲ್ಲಿ, ಬೆಲ್ಜಿಯಂನ ಉಕಾಮ್ಕೋ ಸಂಸ್ಥೆ 'ಎಕ್ಸ್2' ಎಂಬ ಆವೃತ್ತಿಯನ್ನು ಹೊರತಂದಾಗ.

ಇನ್ನು ಹದಿನಾರರ ವಿಚಾರ. ಜರ್ಮನಿಯ ಕ್ಯಾಡ್‌ಸಾಫ್ಟ್ ಸಂಸ್ಥೆ 1988ರಲ್ಲಿ ಹೊರತಂದ 'ಈಗಲ್' ತಂತ್ರಾಂಶದಲ್ಲಿ ಮೇಲ್ಮೈಗೆ 1, ಕೆಳಮೈಗೆ 16 ಎಂದು ಸಂಖ್ಯೆ ಕೊಟ್ಟರು. ನಡುವಿನ ಹದಿನಾಲ್ಕು ಸಂಖ್ಯೆಗಳು ಹಲಗೆಯ ಒಳಗೆ ಅಡಗುವ ಪದರಗಳಿಗೆ ಮೀಸಲು. ಹಾಜರಿ ಪುಸ್ತಕದಲ್ಲಿ ಮುಂದೆ ಸೇರುವ ಮಕ್ಕಳಿಗೆಂದು ನಾವು ಸಾಲುಗಳನ್ನು ಖಾಲಿ ಬಿಡುತ್ತಿರಲಿಲ್ಲವೇ, ಹಾಗೆ. ಹಲಗೆಯ ಅಂಚಿನ ರೇಖೆಗೆ 20. ಮುಂದೆ ಬಂದ 'ಕೈಕ್ಯಾಡ್' ತಂತ್ರಾಂಶ ಸಂಖ್ಯೆಯ ಬದಲಿಗೆ ಹೆಸರುಗಳನ್ನೇ ಮುಂದಿಟ್ಟಿತು: ಮುಂಭಾಗದ ತಾಮ್ರಕ್ಕೆ 'ಎಫ್.ಸಿಯು', ಹಿಂಭಾಗದ್ದಕ್ಕೆ 'ಬಿ.ಸಿಯು', ಅಂಚಿಗೆ 'ಎಡ್ಜ್.ಕಟ್ಸ್'. ಉಚಿತವೂ ಮುಕ್ತವೂ ಆದ ಈ ತಂತ್ರಾಂಶವನ್ನು 1992ರಲ್ಲಿ ಆರಂಭಿಸಿದ ಝಾನ್-ಪಿಯೆರ್ ಶಾರಾ ಅವರು ಫ್ರಾನ್ಸಿನ ಗ್ರೆನೋಬಲ್‌ನ ಅಧ್ಯಾಪಕರೆಂಬುದು ನನಗೆ ವಿಶೇಷ ಸಂತೋಷದ ಸಂಗತಿ. 2013ರಿಂದ ಸರ್ನ್ ಪ್ರಯೋಗಾಲಯವೂ ಅದಕ್ಕೆ ಕೈಜೋಡಿಸಿತು.

ಇದೆಲ್ಲ ಬರಿಯ ಹೆಸರುಗಳ ಮಾತೆಂದು ತಿಳಿಯಬಾರದು. ನನ್ನ ಇನ್ನೊಬ್ಬ ಹಳೆಯ ವಿದ್ಯಾರ್ಥಿ ಕೆಲಸ ಮಾಡುತ್ತಿದ್ದ ಸಣ್ಣ ಘಟಕದಲ್ಲಿ ಒಮ್ಮೆ ಒಂದು ಕಂತಿನ ಬೋರ್ಡುಗಳೆಲ್ಲವೂ ವ್ಯರ್ಥವಾದವಂತೆ. ಕೆಳಗಿನ ಪದರವನ್ನು ರಚಿಸಿದವರು ಒಮ್ಮೆ ತಿರುಗಿಸಿದ್ದರು, ಅದನ್ನರಿಯದೆ ತಯಾರಿಸಿದವರು ಮತ್ತೊಮ್ಮೆ ತಿರುಗಿಸಿದ್ದರು. ಹಸಿರು ಲೇಪದ ಪದರದಲ್ಲಿಯೂ ಇಂಥದೇ ಅಪಾಯವಿದೆ. ಅಲ್ಲಿ ನಾವು ಚಿತ್ರಿಸುವುದು ಲೇಪ ಇರಬೇಕಾದ ಸ್ಥಳವನ್ನಲ್ಲ, ಇರಬಾರದ ಸ್ಥಳವನ್ನು. ಯಂತ್ರಕ್ಕೆ ಕಾಣುವುದು ಆಕಾರ ಮಾತ್ರ. ಆ ಆಕಾರವು ತಾಮ್ರವೋ, ತೆರಪೋ, ಮೇಲೋ, ಕೆಳಗೋ ಎಂಬ ಅರ್ಥವನ್ನು ಕೊಡುವುದು ರಚಿಸುವವನಿಗೂ ತಯಾರಿಸುವವನಿಗೂ ನಡುವೆ ಇರುವ ಒಪ್ಪಂದ. ಪದರವನ್ನು ವ್ಯಾಖ್ಯಾನಿಸುವುದೆಂದರೆ ಆ ಒಪ್ಪಂದವನ್ನು ಬರೆದಿಡುವುದು.

ಟೇಪು ಅಂಟಿಸುತ್ತಿದ್ದ ನಕ್ಷೆಗಾರರ ಹೆಸರುಗಳು ಯಾವ ಪುಸ್ತಕದಲ್ಲಿಯೂ ಉಳಿದಿಲ್ಲ, ಅವರು ಮಾಡಿಕೊಂಡ ಒಪ್ಪಂದಗಳು ಮಾತ್ರ ಉಳಿದಿವೆ. ಆದ್ದರಿಂದ ಈ ವೃತ್ತಿಯಲ್ಲಿರುವ ನನ್ನ ಮಕ್ಕಳಿಗೆ ಒಂದು ಮಾತು. ತಂತ್ರಾಂಶ ಎಷ್ಟೇ ಜಾಣವಾದರೂ, ಪ್ರತಿಯೊಂದು ತಾಮ್ರದ ಪದರದಲ್ಲಿಯೂ ಅದರ ಸಂಖ್ಯೆಯನ್ನೂ, ಸಿದ್ಧವಾದ ಹಲಗೆಯ ಮೇಲೆ ನೇರವಾಗಿ ಓದಲು ಬರುವ ಒಂದು ಪದವನ್ನೂ ತಾಮ್ರದಲ್ಲಿಯೇ ಬರೆಯಿರಿ. ನಿಮ್ಮನ್ನು ಕಾಣದ, ಕೇಳದ ಇನ್ನೊಬ್ಬ ಕೆಲಸಗಾರನಿಗೆ ಅದರಿಂದ ಮೇಲು ಕೆಳಗು ತಿಳಿಯುತ್ತದೆ.