ಆಪ್ತವಾಕ್ಯವೂ ಹಿಮದಲ್ಲಡಗಿದ ಹಡಗುಗಳೂ

ಪ್ರತ್ಯಕ್ಷಾನುಮಾನಗಳಿಗೆ ಎಟುಕದ ವಿಷಯದಲ್ಲಿ ಆಪ್ತವಾಕ್ಯವೇ ಪ್ರಮಾಣವೆಂಬುದು ನಮ್ಮ ನೈಯಾಯಿಕರ ಮತ. ವಸ್ತುವನ್ನು ಸಾಕ್ಷಾತ್ತಾಗಿ ಅರಿತು, ಅರಿತಂತೆಯೇ ಹೇಳಬಯಸುವವನು ಆಪ್ತನು. ಈ ಲಕ್ಷಣವು ಋಷಿಗಳಿಗೂ ಆರ್ಯರಿಗೂ ಮ್ಲೇಚ್ಛರಿಗೂ ಸಮಾನವೆಂದು ನ್ಯಾಯಭಾಷ್ಯಕಾರನಾದ ವಾತ್ಸ್ಯಾಯನನು ಹೇಳಿದ್ದಾನೆ. ಈ ವಿವೇಕವನ್ನು ಮರೆತುದರ ಫಲಕ್ಕೆ ಉತ್ತರಧ್ರುವ ಪ್ರಾಂತದ ಚರಿತ್ರೆಯೊಂದು ನಿದರ್ಶನವಾಗಿದೆ.

1845ನೆಯ ಇಸವಿಯ ಮೇ ತಿಂಗಳಲ್ಲಿ ಸರ್ ಜಾನ್ ಫ್ರಾಂಕ್ಲಿನ್ನನು ‘ಎರೆಬಸ್’, ‘ಟೆರರ್’ ಎಂಬ ಎರಡು ಹಡಗುಗಳೊಡನೆ ಇಂಗ್ಲೆಂಡನ್ನು ಬಿಟ್ಟನು. ಕೆನಡಾದ ಉತ್ತರದಲ್ಲಿ ಪೆಸಿಫಿಕ್ ಸಾಗರಕ್ಕೆ ಜಲಮಾರ್ಗವನ್ನು ಕಾಣುವುದು ಅವನ ಉದ್ದೇಶ. ಮೂರು ವರ್ಷಗಳಿಗೆ ಸಾಲುವ ಆಹಾರವಿದ್ದಿತು. 1846ರ ಸೆಪ್ಟೆಂಬರಿನಲ್ಲಿ ಕಿಂಗ್ ವಿಲಿಯಂ ದ್ವೀಪದ ಬಳಿ ಹಿಮವು ಹಡಗುಗಳನ್ನು ಬಿಗಿಹಿಡಿಯಿತು. ಮರುವರ್ಷದ ಬೇಸಗೆಯಲ್ಲಿಯೂ ಬಿಡಲಿಲ್ಲ. 1847ರ ಜೂನ್ 11ರಂದು ಫ್ರಾಂಕ್ಲಿನ್ನನು ಮೃತನಾದನು. 1848ರ ಏಪ್ರಿಲಿನಲ್ಲಿ ಬದುಕುಳಿದಿದ್ದ 105 ಮಂದಿ ಹಡಗುಗಳನ್ನು ತೊರೆದರು. ಕಣ್ಮರೆಯಾದ 129 ಮಂದಿಯಲ್ಲಿ ಒಬ್ಬನೂ ಊರು ಸೇರಲಿಲ್ಲ.

1854ರಲ್ಲಿ ಜಾನ್ ರೇ ಎಂಬ ವೈದ್ಯನು ಆ ಪ್ರಾಂತದ ಇನುಯಿಟ್ ಜನರಿಂದ ವಾರ್ತೆಯನ್ನು ತಂದನು. ಬಿಳಿಯರು ಹಸಿವಿನಿಂದ ಸತ್ತರೆಂದೂ, ಕಡೆಗೆ ಸತ್ತವರ ಮಾಂಸವನ್ನು ತಿಂದರೆಂದೂ, ಕಂಡವರಿಂದ ಕೇಳಿದುದನ್ನು ಅವರು ಹೇಳಿದ್ದರು. ಹಡಗಿನವರ ಬೆಳ್ಳಿಯ ಚಮಚಗಳನ್ನೂ ಕೊಟ್ಟಿದ್ದರು. ಇಂಗ್ಲೆಂಡು ಚಮಚಗಳನ್ನು ನಂಬಿತು, ಮಾತನ್ನು ನಂಬಲಿಲ್ಲ. ಪ್ರಸಿದ್ಧ ಕಾದಂಬರಿಕಾರನಾದ ಚಾರ್ಲ್ಸ್ ಡಿಕನ್ಸನೇ ತನ್ನ ಪತ್ರಿಕೆಯಲ್ಲಿ, ಕಾಡುಜನರ ಮಾತು ನಂಬತಕ್ಕುದಲ್ಲವೆಂದು ವಾದಿಸಿದನು.

ಕಾಲವು ತೀರ್ಪನ್ನಿತ್ತಿತು. ಒಂದು ಹಡಗು ಅಡಿಲೇಡ್ ಪರ್ಯಾಯದ್ವೀಪದ ಪಶ್ಚಿಮದಲ್ಲಿ ಮುಳುಗಿತೆಂದು ಇನುಯಿಟರ ಹಿರಿಯರು ಹೇಳುತ್ತ ಬಂದಿದ್ದರು. 2014ರಲ್ಲಿ ಎರೆಬಸ್ ಆ ಕಡಲಲ್ಲಿಯೇ ದೊರೆಯಿತು. ಹಿಮದಿಂದ ಮೇಲೆದ್ದ ಕಂಬವೊಂದನ್ನು ಕಂಡಿದ್ದೆನೆಂಬ ಇನುಯಿಟನೊಬ್ಬನ ಮಾತನ್ನು ಅನುಸರಿಸಿದಾಗ 2016ರಲ್ಲಿ ಟೆರರ್ ಸಿಕ್ಕಿತು. ಕತ್ತಿಯ ಗುರುತುಗಳುಳ್ಳ ದವಡೆಯೆಲುಬೊಂದು ಎರೆಬಸ್ಸಿನ ಕಪ್ತಾನ ಫಿಟ್ಸ್‌ಜೇಮ್ಸನದೆಂದು 2024ರಲ್ಲಿ ನಿಶ್ಚಿತವಾಯಿತು. ಕ್ಷಾಮಕಾಲದಲ್ಲಿ ವಿಶ್ವಾಮಿತ್ರನು ನಾಯಿಯ ಮಾಂಸಕ್ಕೆ ಕೈಯಿಟ್ಟ ಭಾರತದ ಕಥೆಯನ್ನು ಬಲ್ಲವರು ಆ ನಾವಿಕರನ್ನು ನಿಂದಿಸಲಾರರು. ನಿಂದ್ಯವಾದುದು ಅವರ ಹಸಿವಲ್ಲ, ನಿಜವನ್ನಾಡಿದವರನ್ನು ಸುಳ್ಳರೆಂದುದು.

ನಾನೂ ನಿರ್ದೋಷಿಯಲ್ಲ. ಶಾಲೆಯಲ್ಲಿ ಈ ವೃತ್ತಾಂತವನ್ನು ಹೇಳುವಾಗಲೆಲ್ಲ ಫ್ರಾಂಕ್ಲಿನ್ನನ ಧೈರ್ಯವನ್ನು ಕೊಂಡಾಡಿದೆನೇ ಹೊರತು ಇನುಯಿಟರ ಹೆಸರನ್ನೆತ್ತಲಿಲ್ಲ. ವಾತ್ಸ್ಯಾಯನನ ಆ ವಾಕ್ಯವನ್ನು ಬಾಲ್ಯದಲ್ಲಿಯೇ ಕಂಠಪಾಠ ಮಾಡಿದ್ದೆನು. ಕಂಠದಲ್ಲಿದ್ದುದು ಬುದ್ಧಿಗೆ ಇಳಿಯಲು ಇಷ್ಟು ಕಾಲ ಬೇಕಾಯಿತು.